ರಿಮೋಟ್ ಟ್ರಕ್ಕಿನ ಸ್ಟಿಯರಿಂಗ್: ಹೊಸ ಸರ್ವೋ ಕೊಳ್ಳುವ ಮುನ್ನ



ರಿಮೋಟಿನಿಂದ ಓಡಿಸುವ ಆಫ್‌ರೋಡ್ ಟ್ರಕ್ಕು ಇರುವ ಮನೆಗಳಲ್ಲಿ ಮಕ್ಕಳ ದೂರು ಒಂದೇ: "ಗಾಡಿ ಸರಿಯಾಗಿ ತಿರುಗುತ್ತಿಲ್ಲ, ಹೊಸ ಸರ್ವೋ ಬೇಕು." ಸರ್ವೋ ಎಂದರೆ ರಿಮೋಟಿನ ಆಜ್ಞೆಯಂತೆ ಮುಂದಿನ ಚಕ್ರ ತಿರುಗಿಸುವ ಪುಟ್ಟ ಮೋಟಾರು. ಒಳ್ಳೆಯದಕ್ಕೆ ಸಾವಿರಾರು ರೂಪಾಯಿ ಬೇಕು. ಹಣ ಕೊಡುವ ಮೊದಲು ಖರ್ಚಿಲ್ಲದ ಪರೀಕ್ಷೆಗಳನ್ನು ಮುಗಿಸೋಣ.

1. ಚಕ್ರ ಹಿಡಿದು ಅಲ್ಲಾಡಿಸಿ. ಕೊಂಡಿಗಳು ಸವೆದು ಸಡಿಲವಾಗಿದ್ದರೆ ಅವನ್ನಷ್ಟೇ ಬದಲಿಸಿ.

2. ಗಾಡಿಯನ್ನು ಎತ್ತಿಟ್ಟು ಸ್ಟಿಯರಿಂಗನ್ನು ಕೊನೆಯವರೆಗೆ ತಿರುಗಿಸಿ. ಅಲ್ಲಿ ಸರ್ವೋ ಗುಂಯ್‌ಗುಡುತ್ತಲೇ ಇದ್ದರೆ ರಿಮೋಟಿನಲ್ಲಿ ತಿರುವಿನ ಮಿತಿ ಕಡಿಮೆ ಮಾಡಿ. ಇಲ್ಲವಾದರೆ ಬಿಸಿಯಾಗಿ ಸುಟ್ಟುಹೋಗಬಹುದು.

3. ಸರ್ವೋ ಸೇವರ್ ನೋಡಿ. ಇದು ಕಲ್ಲಿಗೆ ಬಡಿದಾಗ ಸರ್ವೋದ ಹಲ್ಲು ಮುರಿಯದಂತೆ ಕಾಯುವ ಸ್ಪ್ರಿಂಗು. ತೀರ ಸಡಿಲವಾದರೆ ಚಕ್ರ ಪೂರ್ತಿ ತಿರುಗುವುದಿಲ್ಲ, ತೀರ ಬಿಗಿಯಾದರೆ ಕಾಯುವುದಿಲ್ಲ.

4. ಟೈರು ನೋಡಿ. ಒಣ ಕೆಂಪು ಮಣ್ಣಿನ ಹುಡಿಯ ಮೇಲೆ ಮುಂದಿನ ಟೈರು ಜಾರಿದರೆ, ಎಂಥ ಸರ್ವೋ ಇದ್ದರೂ ಗಾಡಿ ನೇರವೇ ಹೋಗುತ್ತದೆ.

ಇಷ್ಟಾದ ಮೇಲೂ ಹೊಸದು ಬೇಕಾದರೆ ಪೆಟ್ಟಿಗೆಯ ಮೇಲಿನ ಎರಡು ಅಂಕಿ ಓದಿ. 10 ಕೆ.ಜಿ.-ಸೆಂ.ಮೀ. ಎಂದರೆ ಅಕ್ಷದಿಂದ 1 ಸೆಂ.ಮೀ. ದೂರದಲ್ಲಿ 10 ಕೆ.ಜಿ. ಬಲ, 2 ಸೆಂ.ಮೀ. ದೂರದಲ್ಲಿ 5 ಕೆ.ಜಿ. ಮಾತ್ರ. ಇನ್ನೊಂದು ಅಂಕಿ ವೇಗದ್ದು, 60 ಡಿಗ್ರಿ ತಿರುಗಲು ಹಿಡಿಯುವ ಸೆಕೆಂಡು. ಅದು ಕಡಿಮೆಯಿದ್ದಷ್ಟೂ ಸರ್ವೋ ಚುರುಕು.

ಇನ್ನು ಚಕ್ರದ ಕೋನ. ಮುಂದಿನ ಚಕ್ರಗಳ ಮೂತಿ ತುಸು ಹೊರಗಿದ್ದರೆ ಗಾಡಿ ಬೇಗ ತಿರುವಿಗೆ ಬೀಳುತ್ತದೆ, ತುಸು ಒಳಗಿದ್ದರೆ ನೇರ ಓಟದಲ್ಲಿ ನೆಟ್ಟಗಿರುತ್ತದೆ. ಹೊಲದಲ್ಲಿ ಟ್ರ್ಯಾಕ್ಟರ್ ತಿರುಗುವುದನ್ನು ನೋಡಿ: ಒಳಬದಿಯ ಚಕ್ರ ಹೆಚ್ಚು ಓರೆಯಾಗಿರುತ್ತದೆ, ಏಕೆಂದರೆ ಅದು ಸುತ್ತುವ ವೃತ್ತ ಚಿಕ್ಕದು. ಇದಕ್ಕೆ ಆಕರ್ಮನ್ ಜೋಡಣೆ ಎನ್ನುತ್ತಾರೆ. ಕುದುರೆ ಗಾಡಿಗಾಗಿ ಇದನ್ನು ರೂಪಿಸಿದವರು ಮ್ಯೂನಿಕ್‌ನ ಲಾಂಕೆನ್‌ಸ್ಪೆರ್ಗರ್. 1818ರಲ್ಲಿ ಲಂಡನ್ನಿನಲ್ಲಿ ಪೇಟೆಂಟ್ ಪಡೆದವರು ಅವರ ಏಜೆಂಟ್ ಆಕರ್ಮನ್, ಹೆಸರು ಉಳಿದದ್ದು ಏಜೆಂಟನದೇ! ಟ್ರಕ್ಕಿನ ಸ್ಟಿಯರಿಂಗ್ ಕೊಂಡಿಯ ತೂತು ಬದಲಿಸಿದರೆ ಈ ಓರೆಯ ವ್ಯತ್ಯಾಸವೂ ಬದಲಾಗುತ್ತದೆ.

ಎರಡು ಜೋಡಣೆಗಳಲ್ಲಿ ಯಾವುದು ಮೇಲು? ಇದನ್ನು ವಾದದಿಂದ ತೀರ್ಮಾನಿಸಲಾಗದು. ಒಂದೇ ಜಾಗ, ಅದೇ ಟೈರು, ಪೂರ್ತಿ ಚಾರ್ಜಾದ ಬ್ಯಾಟರಿ ಇರಲಿ. ಎರಡು ಕಲ್ಲು ನೆಟ್ಟು ಎಂಟರ ಆಕಾರದಲ್ಲಿ ಹತ್ತು ಸುತ್ತು ಓಡಿಸಿ, ಸಮಯ ಬರೆಯಿರಿ. ಒಂದೇ ಒಂದು ಬದಲಾವಣೆ ಮಾಡಿ ಮತ್ತೆ ಹತ್ತು ಸುತ್ತು. ಬಳಿಕ ಹಳೆಯ ಜೋಡಣೆಗೇ ಮರಳಿ ಇನ್ನೊಮ್ಮೆ ಓಡಿಸಿ. ಈ ಮೂರನೆಯ ಓಟವನ್ನು ಬಿಡಬಾರದು. ಹಳೆಯ ಜೋಡಣೆಯಲ್ಲೂ ಸಮಯ ಇಳಿದಿದ್ದರೆ, ಸುಧಾರಿಸಿದ್ದು ಗಾಡಿಯಲ್ಲ, ಓಡಿಸುವವರ ಕೈ ಪಳಗಿದೆ ಎಂದರ್ಥ. ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ವೃತ್ತಗಳನ್ನು ಟೇಪಿನಲ್ಲಿ ಅಳೆಯಿರಿ, ಎರಡೂ ಸಮ ಬರಬೇಕು.

ದಿನಾಂಕ, ನೆಲ, ಬದಲಾವಣೆ, ಸಮಯ ಎಂಬ ನಾಲ್ಕು ಕಲಮು ಹಾಕಿ ಮಕ್ಕಳೇ ಕನ್ನಡದಲ್ಲಿ ಬರೆಯಲಿ. ಶಾಲೆಯಲ್ಲಿ ಕನ್ನಡ ಸಿಗದ ಮಕ್ಕಳಿಗೆ ತಮ್ಮ ಇಷ್ಟದ ವಿಷಯವನ್ನೇ ಬರೆಯಲು ಇದೊಂದು ನೆಪವಾದೀತು. ಸಂಘದ ಮುಂದಿನ ಸಭೆಗೆ ಟ್ರಕ್ಕಿನ ಜೊತೆ ಆ ಹಾಳೆಯನ್ನೂ ತನ್ನಿ. ಒಟ್ಟಿಗೆ ಕೂತು ಓದೋಣ.

ಇಂತಿ,
ಕಾರ್ಯದರ್ಶಿ