ಹದಿನೈದು ದಿನಕ್ಕೊಮ್ಮೆ ಮನೆಗೆ ಬರುವ ತರಬೇತಿ

ಹುಟ್ಟಿದ ಕೂಡಲೇ ಅಳದೆ, ಉಸಿರಿಗಾಗಿ ಹೆಣಗಿ ಬದುಕುಳಿದ ಮಕ್ಕಳ ಬೆಳವಣಿಗೆಗೆ ತಂದೆತಾಯಿಯೇ ಮನೆಯಲ್ಲಿ ನೆರವಾಗಬಲ್ಲರೇ? ಭಾರತ, ಪಾಕಿಸ್ತಾನ ಮತ್ತು ಜಾಂಬಿಯಾದ ಹಳ್ಳಿಗಳಲ್ಲಿ ಇದನ್ನು ಪರೀಕ್ಷಿಸಿದಾಗ ಭಾರತದ ಕೇಂದ್ರ ಬೆಳಗಾವಿಯಾಗಿತ್ತು. ಅಲ್ಲಿನ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಸಂಶೋಧಕರು ಇದರಲ್ಲಿ ಪಾಲ್ಗೊಂಡಿದ್ದರು. ತರಬೇತಿ ಪಡೆದ ಮಾರ್ಗದರ್ಶಕರು ಹದಿನೈದು ದಿನಕ್ಕೊಮ್ಮೆ ಮನೆಗೆ ಹೋಗಿ, ಮಗುವಿನ ವಯಸ್ಸಿಗೆ ತಕ್ಕ ಒಂದೆರಡು ಆಟ ತೋರಿಸುತ್ತಿದ್ದರು. ತಾಯಿ ಅವರೆದುರೇ ಮಾಡಿ ನೋಡುತ್ತಿದ್ದಳು, ಅವರು ತಿದ್ದುತ್ತಿದ್ದರು. ನೆನಪಿಗೆಂದು ಒಂದು ಚಿತ್ರದ ಕಾರ್ಡು ಮನೆಯಲ್ಲಿ ಉಳಿಯುತ್ತಿತ್ತು.

ಹೋಲಿಕೆಗಾಗಿ ಇನ್ನೊಂದು ಗುಂಪಿನ ಮನೆಗಳಿಗೆ ಆರೋಗ್ಯದ ಸಲಹೆ ಮಾತ್ರ ಸಿಗುತ್ತಿತ್ತು. ಫಲಿತಾಂಶ ಪ್ರಕಟವಾದದ್ದು 2013ರಲ್ಲಿ. ಒಂದು ವರ್ಷಕ್ಕೆ ಅಳೆದಾಗ ಎರಡೂ ಗುಂಪಿನ ಮಕ್ಕಳ ಬುದ್ಧಿ ಬೆಳವಣಿಗೆಯಲ್ಲಿ ವ್ಯತ್ಯಾಸ ಕಾಣಲಿಲ್ಲ, ಎರಡನೆಯ ವರ್ಷಕ್ಕೂ ಇಲ್ಲ. ಮೂರನೆಯ ವರ್ಷದ ಕೊನೆಗೆ ತರಬೇತಿ ಪಡೆದ ಮನೆಗಳ ಮಕ್ಕಳು ಸರಾಸರಿ ನಾಲ್ಕೈದು ಅಂಕ ಮುಂದಿದ್ದರು. ಎರಡು ವರ್ಷಕ್ಕೇ ಲೆಕ್ಕ ಮುಗಿಸಿದ್ದರೆ ಈ ಪ್ರಯತ್ನ ಸೋತಿತೆಂದೇ ಬರೆಯಬೇಕಾಗುತ್ತಿತ್ತು.

ಆಟಿಸಂ, ಎಡಿಎಚ್‌ಡಿ, ಡಿಸ್ಲೆಕ್ಸಿಯಾ ಇರುವವರ ವಿಷಯ ಬೇರೆ. ಅವರ ಮಿದುಳು ಹುಟ್ಟಿನಿಂದಲೇ ಬೇರೊಂದು ಬಗೆಯಲ್ಲಿ ಕೆಲಸ ಮಾಡುತ್ತದೆ. ಇವರನ್ನೇ ಈಗ ನ್ಯೂರೋಡೈವರ್ಜೆಂಟ್ ಎನ್ನುತ್ತಾರೆ. ಆದರೆ ನೆರವಿನ ದಾರಿ ಇಲ್ಲಿಯೂ ಮನೆಯ ಮೂಲಕವೇ ಹಾದುಹೋಗುತ್ತದೆ. ವಾರಕ್ಕೆ ಒಂದು ತಾಸು ಥೆರಪಿಸ್ಟ್ ಬಳಿ ಕೂರುವ ಮಗು ಉಳಿದ ಹೊತ್ತನ್ನೆಲ್ಲ ಅವ್ವ, ಅಜ್ಜಿ, ಅಣ್ಣತಮ್ಮಂದಿರ ನಡುವೆ ಕಳೆಯುತ್ತದೆ. ಆ ಹೊತ್ತೆಲ್ಲ ಕಲಿಕೆಯಾಗಬೇಕಾದರೆ ಮನೆಯವರಿಗೂ ತರಬೇತಿ ಬೇಕು.

ಇಂಗ್ಲೆಂಡಿನಲ್ಲಿ ರೂಪುಗೊಂಡ ಅಂಥದೊಂದು ವಿಧಾನವನ್ನು ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಗಳಲ್ಲಿ ಆಟಿಸಂ ಇರುವ 65 ಮಕ್ಕಳ ಮೇಲೆ ಪರೀಕ್ಷಿಸಲಾಯಿತು. ವರದಿ 2016ರಲ್ಲಿ ಬಂತು. ತರಬೇತುದಾರರು ವೈದ್ಯರೂ ಅಲ್ಲ, ಥೆರಪಿಸ್ಟರೂ ಅಲ್ಲ, ಈ ಕೆಲಸಕ್ಕೆಂದೇ ತಯಾರಾದ ಸಾಮಾನ್ಯ ಕಾರ್ಯಕರ್ತರು. ತಾಯಿ ಮಗು ಆಡುವುದನ್ನು ವಿಡಿಯೊ ಮಾಡಿ, ಆಮೇಲೆ ತಾಯಿಯೊಡನೆ ಕೂತು ನೋಡುತ್ತಿದ್ದರು. ಮಗು ಎಲ್ಲಿ ನೋಡಿತು, ಯಾವ ಸದ್ದು ಮಾಡಿತು, ನೀವು ತುಸು ಕಾದಾಗ ಏನಾಯಿತು ಎಂದು ಒಟ್ಟಿಗೆ ಹುಡುಕುತ್ತಿದ್ದರು. ಮಗುವಿನ ಆಸಕ್ತಿಯ ಬೆನ್ನು ಹತ್ತುವುದು ತಂದೆತಾಯಿಗೆ ರೂಢಿಯಾದಂತೆ ಮಕ್ಕಳು ತಾವಾಗಿಯೇ ಸನ್ನೆ, ಮಾತು ಶುರುಮಾಡುವುದು ಹೆಚ್ಚಿತು. ಆದರೆ ಇಬ್ಬರೂ ಒಂದೇ ವಸ್ತುವಿನ ಮೇಲೆ ಗಮನವಿಟ್ಟ ಹೊತ್ತು ಕಡಿಮೆಯಾಯಿತು. ಆಟಿಸಂ ಇದರಿಂದ ಹೋಗುವುದಿಲ್ಲ, ಹೋಗಿಸುವುದು ಉದ್ದೇಶವೂ ಅಲ್ಲ.

ಚಿಕ್ಕೋಡಿ, ರಾಯಬಾಗದ ಸೀಮೆಯಲ್ಲಿ ಕಬ್ಬಿನ ಹಂಗಾಮು ಬಂತೆಂದರೆ ಟ್ರ್ಯಾಕ್ಟರುಗಳು ಜೋರಾಗಿ ಹಾಡು ಹಚ್ಚಿಕೊಂಡು ಸಾಗುತ್ತವೆ. ಸದ್ದು ತಾಳಲಾಗದ ಮಗು ಕಿವಿ ಮುಚ್ಚಿ ಚೀರಿದರೆ ಊರು ಅದನ್ನು ಹಟ ಎನ್ನುತ್ತದೆ. ಒಳ್ಳೆಯ ತರಬೇತುದಾರರು ಮೊದಲು ಕೇಳುವುದು, ಚೀರುವ ಮುಂಚೆ ಏನಾಯಿತು ಎಂದು. ಮಲಗುವ ಜಾಗ ರಸ್ತೆಯಿಂದ ಒಳಗೆ ಹೋಗಬಹುದು, ಕಿವಿಗೆ ಮುಚ್ಚಳ ಸಿಗಬಹುದು, ಸದ್ದು ಬರುತ್ತದೆಂದು ಮೊದಲೇ ಹೇಳಿಡಬಹುದು. ಅದೇ ಓಣಿಯ ಎಡಿಎಚ್‌ಡಿ ಇರುವ ಹುಡುಗನಿಗೆ ಬೇಕಾದದ್ದು ಒಂದು ಸಲಕ್ಕೆ ಒಂದೇ ಕೆಲಸ, ಮುಗಿದ ಕೂಡಲೇ ಶಹಬ್ಬಾಸ್. ಡಿಸ್ಲೆಕ್ಸಿಯಾ ಇರುವ ಹುಡುಗಿಗೆ ಪಾಠ ಓದಿ ಹೇಳುವವರು, ಪರೀಕ್ಷೆಯಲ್ಲಿ ಹೆಚ್ಚು ಸಮಯ. ಒಂದೇ ಚೀಟಿ ಮೂವರಿಗೂ ಹೊಂದದು.

ಗಡಿಯ ಊರುಗಳಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ. ನಿಪ್ಪಾಣಿಯ ಎಷ್ಟೋ ಮನೆಗಳಲ್ಲಿ ಮರಾಠಿ, ಕನ್ನಡ ಎರಡೂ ಓಡಾಡುತ್ತವೆ. ಮಾತು ತಡವಾದ ಮಗುವಿಗೆ ಒಂದೇ ಭಾಷೆ ಸಾಕು ಎಂಬ ಸಲಹೆ ಸಾಮಾನ್ಯ. ಆದರೆ ಆಟಿಸಂ ಇರುವ, ಎರಡು ಭಾಷೆ ಕೇಳಿ ಬೆಳೆದ ಮಕ್ಕಳನ್ನು ಒಂದೇ ಭಾಷೆಯವರೊಡನೆ ಹೋಲಿಸಿದ ಅಧ್ಯಯನಗಳಲ್ಲಿ ಎರಡನೆಯ ಭಾಷೆಯಿಂದ ಹಾನಿಯಾದದ್ದು ಕಂಡಿಲ್ಲ. ಅಜ್ಜಿ ಯಾವ ಭಾಷೆಯಲ್ಲಿ ಮುದ್ದು ಮಾಡುತ್ತಾಳೋ ಆ ಭಾಷೆಯನ್ನು ಮಗುವಿನಿಂದ ಕಿತ್ತುಕೊಳ್ಳಬೇಕಿಲ್ಲ. ತರಬೇತಿಯೂ ಆ ಭಾಷೆಯಲ್ಲೇ ನಡೆಯಬೇಕು.

ಆರೈಕೆ ಮಾಡುವವರೂ ದಣಿಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯು 2ರಿಂದ 9 ವರ್ಷದ ಮಕ್ಕಳ ಪೋಷಕರಿಗೆ ರೂಪಿಸಿದ ತರಬೇತಿಯಲ್ಲಿ 9 ಗುಂಪು ಪಾಠ, 3 ಮನೆಭೇಟಿ ಇವೆ. ಪೋಷಕರ ಸ್ವಂತ ನೆಮ್ಮದಿಗೂ ಅದರಲ್ಲಿ ಜಾಗವಿದೆ. ಕೂಲಿಯ ಮನೆಗಳಲ್ಲಿ ಇದು ಇನ್ನೂ ಮುಖ್ಯ. ತಜ್ಞರನ್ನು ಕಾಣಲು ಅಥಣಿ, ಕಾಗವಾಡದವರಿಗೆ ಬೆಳಗಾವಿಗಿಂತ ಮಿರಜ ಹತ್ತಿರ. ಎಲ್ಲಿಗೆ ಹೋದರೂ ಒಂದು ದಿನದ ದುಡಿಮೆ ಹೋಗುತ್ತದೆ.

‘ತಡಾ ಮಾತಾಡ್ತಾನ ಬಿಡ್ರಿ, ಅವರಪ್ಪನೂ ಹಂಗ ಇದ್ದ’ ಎಂದು ವರ್ಷ ಕಳೆಯುವ ಬದಲು ಅಂಗನವಾಡಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ಮಗುವನ್ನು ತೋರಿಸಬಹುದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಗಳಲ್ಲಿ ಆಟಿಸಂ ಮತ್ತು ಕಲಿಕಾ ನ್ಯೂನತೆಗಳೂ ಇವೆ. ಪ್ರಮಾಣಪತ್ರ ಕೇಳುವುದು ಹಕ್ಕು. ಆದರೆ ಪತ್ರವೊಂದನ್ನೇ ಹಿಡಿದು ಮನೆಗೆ ಮರಳಬೇಡಿ. ಬಸ್ಸು ಹತ್ತುವ ಮುಂಚೆ ತಜ್ಞರನ್ನು ಕೇಳಿ: ‘ಮುಂದಿನ ಹದಿನೈದು ದಿನ ನಾವು ಮನ್ಯಾಗ ಏನು ಮಾಡಬೇಕ್ರಿ? ಒಮ್ಮೆ ಮಾಡಿ ತೋರಸ್ರಿ. ನಾವು ಮಾಡೂದನ್ನೂ ನೋಡಿ ತಿದ್ರಿ.’