ಹಳದಿ ಕಾಲಿನ ಹುಂಜ

ಮಂತ್ರಾಲಯಕ್ಕೆ ಹೋಗುವ ನಮ್ಮ ಕಾಸರಗೋಡಿನ ಯಾತ್ರಿಕರು, ಆದವಾನಿ ಕಳೆದ ಮೇಲೆ ರೈಲಿನ ಕಿಟಕಿಯಿಂದ ಬೋಳುಗುಂಡುಗಳ ನಡುವಿನ ಒಂದು ಊರನ್ನು ಕಂಡಿರಬಹುದು. ಅದೇ ಕೋಸಗಿ. 1953ರಲ್ಲಿ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದಾಗ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರದ ಪಾಲಾದವು. ಹೀಗಾಗಿ ಮನೆಯಲ್ಲಿ ಒಂದು ಮಾತು, ಕಚೇರಿಯಲ್ಲಿ ಇನ್ನೊಂದು ಮಾತು ಎಂಬ ನಮ್ಮ ಪಾಡೇ ಅಲ್ಲಿನ ಕನ್ನಡಿಗರದೂ ಆಗಿದೆ. ಅಂಥ ಒಬ್ಬ ಅಧ್ಯಾಪಕ ಮಿತ್ರರ ಮನೆಯಲ್ಲಿ ನಾವು ಒಂದು ರಾತ್ರಿ ತಂಗಿದ್ದೆವು.

ಬೆಳಿಗ್ಗೆ ಮಿತ್ರರ ತಾಯಿ ಅಂಗಳದಲ್ಲಿ ಜೋಳ ಚೆಲ್ಲಿ ಕೋಳಿಗಳನ್ನು ಕರೆಯುತ್ತಿದ್ದರು. ನಾವು ಊರ ಕೋಳಿ ಎನ್ನುವುದನ್ನು ಅವರು ಜವಾರಿ ಕೋಳಿ ಎನ್ನುತ್ತಾರೆ. ಹುಂಜದ ಕಾಲು ಅರಸಿನ ಹಚ್ಚಿದಷ್ಟು ಹಳದಿ, ಒಂದು ಹೇಂಟೆಯ ಕಾಲು ಮಾತ್ರ ಬಿಳಿಚಿಕೊಂಡಿತ್ತು. ರೋಗವೇ ಎಂದು ವಿಚಾರಿಸಿದೆವು. “ಇಲ್ರೀ, ಅದು ತತ್ತಿ ಇಡಾಕ ಹತ್ತೈತಿ. ಕಾಲಿನ ಬಣ್ಣೆಲ್ಲ ತತ್ತಿಗೆ ಹೋತು” ಎಂದರು. ಅಕ್ಷರ ಕಲಿಯದ ಆ ತಾಯಿ ಹೇಳಿದ್ದು ನೂರಕ್ಕೆ ನೂರು ಸರಿ. ಮೇವಿನ ಹಳದಿ ದ್ರವ್ಯ ಮೊದಲು ಕಾಲಿನ ಚರ್ಮದಲ್ಲಿ ಸಂಗ್ರಹವಾಗುತ್ತದೆ. ಹೇಂಟೆ ಮೊಟ್ಟೆಯಿಡತೊಡಗಿದ ಮೇಲೆ ಅದು ಮೊಟ್ಟೆಯ ಭಂಡಾರಕ್ಕೆ ಸಲ್ಲುತ್ತದೆ, ಕಾಲು ಬಿಳಿಚುತ್ತದೆ. ಆಗ ಪಕ್ಕದಲ್ಲಿದ್ದ ಮೊಮ್ಮಗ ಕೇಳಿದ: “ಹಂಗಾದ್ರೆ ಪಕ್ಕದ ಮನಿ ಹುಂಜಕ್ಕ ಯಾಕ ಹಳದಿ ಕಾಲಿಲ್ಲ ಸಾರ್? ಅದೂ ಇದೇ ಕಾಳು ತಿಂತೈತಲ್ಲ?”

ಈ ಪ್ರಶ್ನೆಯ ಉತ್ತರಕ್ಕೆ ಕೋಸಗಿಯ ಬೋಳುಗುಂಡುಗಳನ್ನು ಬಿಟ್ಟು ಕಾಡಿಗೆ ಹೋಗಬೇಕಾಗುತ್ತದೆ.

ಸಾಕುಕೋಳಿಯ ಮೂಲಪುರುಷ ಕೆಂಪು ಕಾಡುಕೋಳಿ ಎಂಬುದು ಡಾರ್ವಿನ್ನನ ತೀರ್ಮಾನ. 1868ರ ತನ್ನ ಗ್ರಂಥದಲ್ಲಿ ಆತ ಇದನ್ನು ವಿಸ್ತಾರವಾಗಿ ವಾದಿಸಿದ್ದಾನೆ. ನಮ್ಮ ದಕ್ಷಿಣದ ಬೂದು ಕಾಡುಕೋಳಿಯನ್ನು ಆತ ಲೆಕ್ಕದಿಂದ ಹೊರಗಿಟ್ಟ. ಅದರ ಕೂಗು ಬೇರೆ, ಕತ್ತಿನ ಗರಿಯ ತುದಿಯಲ್ಲಿ ಮೇಣದ ಹನಿ ಇಟ್ಟಂತೆ ಚುಕ್ಕೆಗಳು ಬೇರೆ. ಮೇಲಾಗಿ ಲಂಡನ್ನಿನ ಮೃಗಾಲಯದಲ್ಲಿ ಕಾಡುಕೋಳಿಗಳನ್ನು ಬೆರಸಿ ನೋಡಿದಾಗ ಸುಮಾರು 500 ಮೊಟ್ಟೆಗಳಿಂದ ಬದುಕಿ ಬೆಳೆದದ್ದು 12 ಮರಿಗಳು. ಇಷ್ಟು ಸಾಲದೇ? ನೂರನಾಲ್ವತ್ತು ವರ್ಷ ಯಾರೂ ಅದನ್ನು ಗಟ್ಟಿಯಾಗಿ ಅಲುಗಿಸಲಿಲ್ಲ.

2008ರಲ್ಲಿ ಸ್ವೀಡನ್ನಿನ ಉಪ್ಸಾಲಾದ ಲೀಫ್ ಆಂಡರ್‌ಸನ್ ಮತ್ತು ಸಂಗಡಿಗರು ಹಳದಿ ಚರ್ಮದ ವಂಶವಾಹಿಯನ್ನು ಹುಡುಕಿ ತೆಗೆದರು. ಹಳದಿ ದ್ರವ್ಯವನ್ನು ಒಡೆದುಹಾಕುವ ಒಂದು ಕಿಣ್ವ ಕೋಳಿಯ ದೇಹದಲ್ಲಿದೆ. ಬಿಳಿ ಚರ್ಮದ ಕೋಳಿಯಲ್ಲಿ ಅದು ಚರ್ಮದಲ್ಲೂ ಕೆಲಸ ಮಾಡುತ್ತದೆ. ಹಳದಿ ಕಾಲಿನದರಲ್ಲಿ ಚರ್ಮದ ಮಟ್ಟಿಗೆ ಅದು ಮಂದವಾಗಿರುತ್ತದೆ, ಬಣ್ಣ ಉಳಿಯುತ್ತದೆ. ತಂದೆ ತಾಯಿ ಇಬ್ಬರಿಂದಲೂ ಹಳದಿಯ ಅಂಶ ಬಂದರಷ್ಟೇ ಮರಿಯ ಚರ್ಮ ಹಳದಿ. ಪಕ್ಕದ ಮನೆಯ ಹುಂಜದ ಗುಟ್ಟು ಇದೇ. ಆದರೆ ಅವರನ್ನು ಚಕಿತಗೊಳಿಸಿದ ಸಂಗತಿ ಬೇರೆ: ಸಾಕುಕೋಳಿಯ ಹಳದಿ ವಂಶವಾಹಿ ಕೆಂಪು ಕಾಡುಕೋಳಿಯದಕ್ಕೆ ಹೋಲುವುದಿಲ್ಲ. ಅದು ಬಂದದ್ದು ಬೂದು ಕಾಡುಕೋಳಿಯಿಂದ!

ಬೂದು ಕಾಡುಕೋಳಿ ಭಾರತದ ಪರ್ಯಾಯದ್ವೀಪದ ಹಕ್ಕಿ. ನಮ್ಮ ರಾಣಿಪುರದ ಕಾಡಿನಲ್ಲಿದೆ, ಕೊಡಗಿನಲ್ಲಿದೆ, ಕೋಸಗಿಯಿಂದ ಪೂರ್ವಕ್ಕೆ ನಲ್ಲಮಲೆಯಲ್ಲಿದೆ. ಸಾಕುಕೋಳಿಯ ಮುಖ್ಯ ತಳಿ ಹುಟ್ಟಿದ್ದು ಬರ್ಮಾ, ಥಾಯ್ಲೆಂಡ್, ದಕ್ಷಿಣ ಚೀನಾದ ಕಡೆ ಎಂದು 2020ರ ಸಂಶೋಧನೆ ಹೇಳುತ್ತದೆ. ಹಾಗಾದರೆ ಊರ ಕೋಳಿ ನಮ್ಮ ಸೀಮೆಗೆ ಬಂದ ಮೇಲೆ ಯಾವುದೋ ಕಾಡಂಚಿನ ಹಟ್ಟಿಯಲ್ಲಿ ಈ ಕೂಡುವಿಕೆ ನಡೆದಿರಬೇಕು. ಇಂದು ಅಮೇರಿಕದ ಅಂಗಡಿಯಲ್ಲಿ ತೂಗುವ ಹಳದಿ ಚರ್ಮದ ಕೋಳಿಯಲ್ಲೂ ಆ ಹಕ್ಕಿಯ ಅಂಶವಿದೆ.

ಸಂಕರ ಸಂತಾನ ಬಂಜೆಯಲ್ಲವೇ ಎಂದು ಓದುಗರು ಕೇಳಬಹುದು. ಹೇಸರಗತ್ತೆಯ ಪಾಠ ಎಲ್ಲರಿಗೂ ನೆನಪಿದೆ. ಆದರೆ ಎಲ್ಲ ಸಂಕರವೂ ಹೇಸರಗತ್ತೆಯಲ್ಲ. 1922ರಲ್ಲಿ ಜೆ. ಬಿ. ಎಸ್. ಹಾಲ್ಡೇನ್ ಒಂದು ಸೂತ್ರ ಹೇಳಿದರು (ಮುಂದೆ ಭಾರತದ ಪ್ರಜೆಯಾಗಿ 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಹಾಲ್ಡೇನ್ ಇವರೇ). ಎರಡು ಜಾತಿಗಳು ಕೂಡಿದಾಗ ಒಂದು ಲಿಂಗದ ಮರಿಗಳು ಮಾತ್ರ ಬಂಜೆಯಾಗುವುದಾದರೆ, ಲಿಂಗ ನಿರ್ಣಯದ ವರ್ಣತಂತುಗಳು ಒಂದಕ್ಕೊಂದು ಬೇರೆಯಾಗಿರುವ ಲಿಂಗಕ್ಕೇ ಆ ಪೆಟ್ಟು. ಮನುಷ್ಯರಲ್ಲಿ ಹಾಗಿರುವುದು ಗಂಡಿಗೆ, ಹಕ್ಕಿಗಳಲ್ಲಿ ಹೆಣ್ಣಿಗೆ. ಹೀಗಾಗಿ ಬೆರಕೆ ಹೇಂಟೆ ಬಂಜೆಯಾದರೂ ಬೆರಕೆ ಹುಂಜ ಊರ ಹೇಂಟೆಗಳನ್ನು ಕೂಡಿ ವಂಶ ಮುಂದುವರಿಸಬಲ್ಲದು. ಹಳದಿ ಬಣ್ಣ ಹೊಕ್ಕ ಬಾಗಿಲು ಇದೇ ಇರಬೇಕು.

ಬೆರಕೆಯನ್ನು ಗುರುತಿಸದೆ ಪಂಡಿತರೂ ಮೋಸಹೋದದ್ದುಂಟು. ಮುಂಬಯಿಯಿಂದ ಹೋದ ಗಿಳಿಯ ಚರ್ಮ ನೋಡಿ ವಾಲ್ಟರ್ ರಾತ್ಸ್‌ಚೈಲ್ಡ್ 1895ರಲ್ಲಿ ಹೊಸ ಜಾತಿಯೆಂದು ಹೆಸರಿಟ್ಟರು. ಅಂಥ 7 ಚರ್ಮಗಳು ಸಿಕ್ಕಿದವು, ಅದರ ಕಾಡು ಮಾತ್ರ ಸಿಕ್ಕಲಿಲ್ಲ. ಅದು ಎರಡು ಬಗೆಯ ಗಿಳಿಗಳ ಸಂಕರವೆಂದು ಪಮೆಲಾ ರಾಸ್ಮುಸೆನ್ ಮತ್ತು ನೈಜೆಲ್ ಕೊಲ್ಲಾರ್ 1999ರಲ್ಲಿ ತೋರಿಸಿದರು.

ಬೆರಕೆ ಎಂಬ ಮಾತು ನಮಗೆ ಹಿಡಿಸದು. ನಮ್ಮ ಮಕ್ಕಳು ಘಟ್ಟದ ಮೇಲೆ ಹೋದಾಗ “ನಿಮ್ಮದು ಬೆರಕೆ ಕನ್ನಡ” ಎನ್ನಿಸಿಕೊಂಡು ಬಂದಿದ್ದಾರೆ. ಕೋಸಗಿಯ ಮಕ್ಕಳಿಗೂ ತೆಲುಗಿನ ಕಾರಣ ಅದೇ ಬಿರುದು. ಆದುದರಿಂದ ಹಳದಿ ಕಾಲಿನ ಹುಂಜದ ಪಕ್ಷ ವಹಿಸುವುದು ನಮಗೆ ಸಹಜ.

ಆದರೂ ಒಂದು ಮಾತನ್ನು ಬಚ್ಚಿಡಲಾರೆವು. ಅಂದು ಕಾಡಿನಿಂದ ಊರಿಗೆ ಬಂದ ರಕ್ತ ಇಂದು ಊರಿನಿಂದ ಕಾಡಿಗೆ ಹರಿಯುತ್ತಿದೆ. ಕೆಂಪು ಕಾಡುಕೋಳಿಯ ವಿಷಯದಲ್ಲಿ ಇದು ಮಿತಿಮೀರಿದೆ. ಶುದ್ಧ ಕಾಡುಹುಂಜ ಮರಿಮಾಡುವ ಕಾಲ ಮುಗಿದ ಮೇಲೆ ಕತ್ತಿನ ಉದ್ದ ಗರಿಗಳನ್ನು ಉದುರಿಸಿ ಕೆಲವು ಕಾಲ ಮಂಕಾಗಿರುತ್ತದೆ. ಊರ ಹುಂಜಕ್ಕೆ ಈ ಕ್ರಮವಿಲ್ಲ. ವರ್ಷವಿಡೀ ಮಿನುಗುವ ಕಾಡುಹುಂಜ ಕಂಡರೆ ವಿಜ್ಞಾನಿಗಳಿಗೆ ಸಂಶಯ. ಕಾಡಂಚಿನ ನಮ್ಮ ಮನೆಗಳಲ್ಲಿ ಕಾಡುಕೋಳಿಯ ಮೊಟ್ಟೆ ತಂದು ಊರ ಹೇಂಟೆಯ ಕೆಳಗೆ ಕಾವಿಗಿಡುವ ಚಾಳಿಯಿತ್ತು. ಕೆಲವರು ಇದನ್ನು ಕುಶಾಲಿನ ಕೆಲಸವೆಂದೇ ತಿಳಿದಿದ್ದರು. 1972ರ ವನ್ಯಜೀವಿ ಕಾಯಿದೆಯಂತೆ ಇದು ಅಪರಾಧ. ಬೆರಕೆ ಹುಂಜ ತಿರುಗಿ ಕಾಡು ಸೇರಿದರೆ ಆಗುವ ಹಾನಿಯನ್ನು ಯಾವ ದಂಡವೂ ತುಂಬಿಕೊಡಲಾರದು. ಕೋಟಿಗಟ್ಟಲೆ ಊರ ಕೋಳಿಗಳೆದುರು ಕಾಡಿನವು ಎಷ್ಟು ಮಾತ್ರದವು?

ಮೊನ್ನೆ ಕೋಸಗಿಯಿಂದ ಮಿತ್ರರ ಫೋನು ಬಂತು. ಮೊಮ್ಮಗ ಓಣಿಯ ಕೋಳಿಗಳ ಕಾಲನ್ನೆಲ್ಲ ನೋಡಿ ಪಟ್ಟಿಮಾಡಿದ್ದಾನಂತೆ. ಒಂದರ ಕಾಲು ಹಸಿರಂತೆ, ಅದು ಯಾವ ಕಾಡಿನದು ಎಂಬ ಪ್ರಶ್ನೆ. ಚರ್ಮದ ಒಳಪದರದಲ್ಲಿ ಕಪ್ಪು, ಮೇಲೆ ಹಳದಿ ಇದ್ದರೆ ಕಣ್ಣಿಗೆ ಹಸಿರು ಕಾಣುತ್ತದೆ, ಹಳದಿಯಿಲ್ಲದಿದ್ದರೆ ಸಿಲೇಟಿನ ಬಣ್ಣ ಎಂದು ತಿಳಿಸಿದೆವು. ಫೋನಿಟ್ಟು ನಮ್ಮ ಗೂಡಿಗೂ ಒಮ್ಮೆ ಬಗ್ಗಿ ನೋಡಿದೆವು. ಮೂರು ಹಳದಿ, ಎರಡು ಸಿಲೇಟು.