ಸಸಿಮಡಿಯ ನೆರಳು ಚಪ್ಪರ: ಗಾಳಿ–ಧೂಳಿನಿಂದ ರಕ್ಷಣೆ

ಡಿಸೆಂಬರ್–ಜನವರಿಯಲ್ಲಿ ಬಿತ್ತಿದ ಕಾಫಿ ಬೀಜ ಸುಮಾರು ಒಂದೂವರೆ ತಿಂಗಳಲ್ಲಿ ಮೊಳೆತು, ಟೋಪಿ ಹಂತದಲ್ಲಿ ಪಾಲಿಥಿನ್ ಚೀಲ ಸೇರುತ್ತದೆ. ಅಲ್ಲಿಂದ ಜೂನ್ ತಿಂಗಳ ಮಳೆ ಹಿಡಿಯುವವರೆಗೆ ಅದು ಬದುಕುವುದು ಚಪ್ಪರದ ನೆರಳಿನಲ್ಲಿ. ಅಡಿಕೆ ಸಸಿಯಾದರೋ ಒಂದು ವರ್ಷಕ್ಕೂ ಹೆಚ್ಚು ಕಾಲ ಸಸಿಮಡಿಯಲ್ಲೇ ಇರಬೇಕು. ಬಿರುಬಿಸಿಲು ನೇರವಾಗಿ ಬಿದ್ದರೆ ಅದರ ಎಲೆ ಸುಟ್ಟುಹೋಗುತ್ತದೆ.

ನೆರಳು ಅತಿ ಅಗತ್ಯವಾದ ಮಾರ್ಚ್–ಮೇ ತಿಂಗಳುಗಳಲ್ಲೇ ಗುಡುಗು ಸಹಿತ ಬಿರುಗಾಳಿಯ ಕಾಟವೂ ಹೆಚ್ಚು. ಏಪ್ರಿಲ್‌ನಲ್ಲಿ ಚಪ್ಪರ ಮಗುಚಿ ಸಸಿಗಳು ಮುರಿದರೆ, ಆ ಮಳೆಗಾಲದ ನಾಟಿಗೆ ಮತ್ತೆ ಕಾಫಿ ಸಸಿ ಎಬ್ಬಿಸಲು ಕಾಲಾವಕಾಶವಿಲ್ಲ. ಕೇಳಿದ ಬೆಲೆ ಕೊಟ್ಟು ಸಸಿ ತರಬೇಕು, ಇಲ್ಲವೇ ಒಂದು ವರ್ಷ ಗುಂಡಿಗಳನ್ನು ಖಾಲಿ ಬಿಡಬೇಕು. ಸಣ್ಣ ಹಿಡುವಳಿದಾರರಿಗೆ ಎರಡೂ ಕಷ್ಟವೇ.

ಚಪ್ಪರ ಕೀಳುವುದೇಕೆ?

ಹಿಂದಿನವರ ಚಪ್ಪರದ ಕಂಬಗಳನ್ನು ನೆಲದಲ್ಲಿ ಆಳವಾಗಿ ಹೂಳುತ್ತಿದ್ದರು. ಮೇಲೆ ಬಿದಿರು, ಸೋಗೆ, ಸೊಪ್ಪಿನ ಭಾರವಿರುತ್ತಿತ್ತು. ಈಗ ಅನೇಕರು ಬಳಸುವುದು ಮಡಿಯಿಂದ ಮಡಿಗೆ ಎತ್ತಿಡಬಹುದಾದ ಪೈಪಿನ ಚಪ್ಪರ. ಮೇಲೆ ಶೇಡ್ ನೆಟ್ ಅಥವಾ ಟಾರ್ಪಾಲು. ಅನುಕೂಲವೇನೋ ಹೌದು, ಆದರೆ ಹಗುರ. ಇಂಥ ಚಪ್ಪರಕ್ಕೆ ಬೀಳುವ ಭಯಕ್ಕಿಂತ ಹಾರುವ ಭಯ ದೊಡ್ಡದು. ಆದ್ದರಿಂದ ಆನಿಕೆ ಕೊಡುವುದಷ್ಟೇ ಸಾಲದು, ನೆಲಕ್ಕೆ ಎಳೆದು ಕಟ್ಟಬೇಕು.

ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಟಾರ್ಪಾಲಿನ ಮೇಲೆ ಗಂಟೆಗೆ 30 ಕಿ.ಮೀ. ಗಾಳಿ ಪೂರ್ತಿಯಾಗಿ ಬಡಿದರೆ ಸುಮಾರು 40 ಕಿಲೋ ಭಾರದಷ್ಟು ಒತ್ತಡ, 60 ಕಿ.ಮೀ. ಆದರೆ ಸುಮಾರು 160 ಕಿಲೋ. ಕಾಲಿಗೊಂದು 20 ಲೀಟರಿನ ನೀರಿನ ಕ್ಯಾನ್ ಕಟ್ಟಿದರೆ ನಾಲ್ಕಕ್ಕೂ ಸೇರಿ 80 ಕಿಲೋ ಮಾತ್ರ. ಸಾಲದೆಂಬುದು ಲೆಕ್ಕದಲ್ಲೇ ಕಾಣುತ್ತದೆ. ಶೇಡ್ ನೆಟ್ಟಿನ ಕಣ್ಣುಗಳಲ್ಲಿ ಗಾಳಿ ನುಸುಳುವುದರಿಂದ ಅದರ ಮೇಲೆ ಒತ್ತಡ ಕಡಿಮೆ. ಸಸಿಮಡಿಗೆ ಟಾರ್ಪಾಲಿಗಿಂತ ನೆಟ್ ಲೇಸು.

ಕಟ್ಟುವ ಕ್ರಮ

1. ಜಾಗ: ಒಣರೆಂಬೆಗಳ ಕೆಳಗೆ, ವಿದ್ಯುತ್ ತಂತಿಯ ಸಮೀಪ ಚಪ್ಪರ ಹಾಕಕೂಡದು. ಆಳು ಬಗ್ಗದೆ ಓಡಾಡುವಷ್ಟು ಎತ್ತರ ಸಾಕು. ಎತ್ತರ ಹೆಚ್ಚಿದಷ್ಟೂ ಗಾಳಿಯ ಹಿಡಿತ ಹೆಚ್ಚು.

2. ಗೂಟ: ಪ್ರತಿ ಮೂಲೆಗೂ ಎರಡೆರಡು ಹಗ್ಗ, ಎರಡು ದಿಕ್ಕಿಗೆ. ಎರಡು–ಮೂರು ಅಡಿ ಉದ್ದದ ಗಟ್ಟಿ ಗೂಟವನ್ನು, ಅದರ ತಲೆ ಚಪ್ಪರದಿಂದ ಆಚೆಗೆ ವಾಲುವಂತೆ ಹೊಡೆಯಿರಿ. ಹಗ್ಗ ಓರೆಯಾಗಿ, ನೆಟ್ಟಗಿನ ಕಂಬಕ್ಕೂ ನೆಲಕ್ಕೂ ನಡುಮಟ್ಟದ ಕೋನದಲ್ಲಿ ಇಳಿಯಬೇಕು.

3. ಸಡಿಲ ಮಣ್ಣು: ಮರಳು, ಗೊಬ್ಬರ ಬೆರೆತ ನೆಲದಲ್ಲಿ ಗೂಟ ನಿಲ್ಲದು. ಅಲ್ಲಿ ಎರಡು ಅಡಿ ಗುಂಡಿ ತೋಡಿ, ಮರದ ತುಂಡೊಂದನ್ನು ಅಡ್ಡಲಾಗಿ ಮಲಗಿಸಿ, ಅದರ ನಡುವಿಗೆ ಹಗ್ಗ ಬಿಗಿದು ಮಣ್ಣು ತುಂಬಿ ತುಳಿಯಿರಿ. ಮೇಲಿನ ಮಣ್ಣಿನ ಭಾರವೇ ಹಗ್ಗವನ್ನು ಹಿಡಿದು ನಿಲ್ಲಿಸುತ್ತದೆ.

4. ನೆಟ್: ನಾಲ್ಕು ಮೂಲೆ ಮಾತ್ರ ಕಟ್ಟಿದರೆ ನಡುಭಾಗ ಪಟಪಟನೆ ಬಡಿದು ಹರಿಯುತ್ತದೆ. ಅಂಚನ್ನು ಮಡಿಸಿ ಅಡಿಗೊಂದು ಕಟ್ಟು ಹಾಕಿ. ಮೇಲೆ ಮೂಲೆಯಿಂದ ಮೂಲೆಗೆ ಎರಡು ಹಗ್ಗ ಅಡ್ಡ ಹಾಯಿಸಿ.

5. ಹಗ್ಗ: ನೈಲಾನ್ ಹಗ್ಗ ಒದ್ದೆಯಾದರೆ ಹಿಗ್ಗುತ್ತದೆ, ಮಳೆ ಬಂದ ಮರುದಿನ ಬಿಗಿ ನೋಡಬೇಕು. ಅಗ್ಗದ ಪ್ಲಾಸ್ಟಿಕ್ ಹಗ್ಗ ಬಿಸಿಲಿಗೆ ಸೀಳುತ್ತದೆ. ಕಳೆದ ವರ್ಷದ್ದನ್ನು ನಂಬಬೇಡಿ.

ಧೂಳಿಗೆ ಏನು ಮಾಡಬೇಕು?

ದಾವಣಗೆರೆ, ಚಿತ್ರದುರ್ಗ, ತುಮಕೂರು ಕಡೆಯ ಬಯಲಿನಲ್ಲಿ ಅಡಿಕೆ ಬೆಳೆಯುವವರಿಗೆ ಗಾಳಿಯ ಜೊತೆ ಧೂಳಿನ ತೊಂದರೆಯೂ ಇದೆ. ಎಲೆಯ ಮೇಲೆ ಧೂಳು ಕೂತರೆ ನುಸಿಗೆ ಅನುಕೂಲ. ಗಾಳಿ ಬರುವ ಕಡೆ ತಗಡು ಕಟ್ಟಿ ಮುಚ್ಚುವುದು ಸರಿಯಲ್ಲ. ತಡೆದ ಗಾಳಿ ಮೇಲಿಂದ ಹಾರಿ ಒಳಕ್ಕೆ ಸುಳಿಯುತ್ತದೆ. ಅರ್ಧ ಗಾಳಿಯನ್ನು ಬಿಡುವ ನೆಟ್ ಅಥವಾ ಸೋಗೆಯ ತಟ್ಟಿಯನ್ನು ಚಪ್ಪರದಿಂದ ಬೇರೆಯಾಗಿಯೇ, ಅದರದೇ ಕಂಬಗಳಿಗೆ ಕಟ್ಟಬೇಕು. ಧೂಳುಗಾಳಿ ನಿಂತ ಮೇಲೆ ಎಲೆಗಳಿಗೆ ನೀರು ಚಿಮುಕಿಸಿ ತೊಳೆಯಿರಿ.

ನೆಟ್ ಬಿಚ್ಚುವ ಹೊತ್ತು

ಎಷ್ಟೇ ಬಿಗಿದರೂ ಈ ಚಪ್ಪರಕ್ಕೆ ಒಂದು ಮಿತಿಯಿದೆ. ಹವಾಮಾನದವರು ಬಳಸುವ ಬೋಫರ್ಟ್ ಮಾಪಕದ ಗುರುತುಗಳು ನಮ್ಮ ತೋಟದಲ್ಲೇ ಕಾಣುತ್ತವೆ. ಧೂಳು, ಕಾಗದದ ಚೂರು ಏಳತೊಡಗಿದರೆ ಗಾಳಿ ಗಂಟೆಗೆ 20–28 ಕಿ.ಮೀ.; ಎಲೆ ತುಂಬಿದ ಚಿಕ್ಕ ಮರಗಳು ತೂಗಿದರೆ 29–38; ದೊಡ್ಡ ರೆಂಬೆಗಳೇ ಅಲುಗಿದರೆ 39–49. ಮೊದಲ ಗುರುತು ಕಂಡು, ಜೊತೆಗೆ ಕಪ್ಪು ಮೋಡವೂ ಎದ್ದಿದ್ದರೆ ನೆಟ್ ಬಿಚ್ಚುವುದೇ ಜಾಣತನ. ಮಳೆಗೆ ಮುಂಚೆ ತಣ್ಣನೆಯ ಗಾಳಿ ಒಮ್ಮೆಲೇ ನುಗ್ಗುತ್ತದೆ. ಅದು ಬಂದ ಮೇಲೆ ಸಮಯವಿರುವುದಿಲ್ಲ. ಮೋಡ ಕವಿದ ಸಂಜೆ ಒಂದು ಗಂಟೆ ನೆರಳಿಲ್ಲದಿದ್ದರೆ ಸಸಿ ತಾಳಿಕೊಳ್ಳುತ್ತದೆ, ಪೈಪು ಮೇಲೆ ಬಿದ್ದರೆ ತಾಳದು.

ಬಿಚ್ಚಲು ಇಬ್ಬರಿರಬೇಕು. ಗಾಳಿ ಬರುವ ಕಡೆಯ ಗಂಟನ್ನು ಕೊನೆಗೆ ಬಿಚ್ಚಿರಿ. ಮೊದಲೇ ಬಿಚ್ಚಿದರೆ ಗಾಳಿ ಅಡಿಯಲ್ಲಿ ಹೊಕ್ಕು ನೆಟ್ಟನ್ನು ಎತ್ತಿ ಎಸೆಯುತ್ತದೆ. ಚಪ್ಪರ ಎದ್ದೇ ಬಿಟ್ಟರೆ ಪೈಪು ಹಿಡಿದು ನಿಲ್ಲಿಸಲು ಹೋಗಬೇಡಿ. ಗುಡುಗು ಕೇಳಿಸಿದರೆ ಆಳುಗಳನ್ನು ಕಬ್ಬಿಣದ ಚಪ್ಪರದ ಕೆಳಗೆ ನಿಲ್ಲಿಸದೆ ಮನೆಯೊಳಕ್ಕೆ ಕಳುಹಿಸಿ. ಮೊಬೈಲ್ ಇರುವವರು 2019ರಲ್ಲಿ ಬಂದ ‘ಮೇಘದೂತ್’ನಲ್ಲಿ ಹವಾಮಾನವನ್ನೂ ‘ದಾಮಿನಿ’ಯಲ್ಲಿ ಸಿಡಿಲಿನ ಮುನ್ಸೂಚನೆಯನ್ನೂ ನೋಡಿಕೊಳ್ಳಬಹುದು.

ಹಗ್ಗ, ಗೂಟ, ಒಂದು ದಿನದ ಕೂಲಿ – ಖರ್ಚು ಇಷ್ಟೇ. ಮೊದಲ ಗುಡುಗಿಗೆ ಮುನ್ನವೇ ಸದಸ್ಯ ಬಂಧುಗಳು ತಮ್ಮ ಚಪ್ಪರದ ಒಂದೊಂದು ಮೂಲೆಯನ್ನೂ ಕೈಯಾರೆ ಎತ್ತಿ ನೋಡಲಿ. ಒಬ್ಬನ ಕೈಗೆ ಮೇಲೇಳುವ ಚಪ್ಪರ ಬಿರುಗಾಳಿಗೆ ನಿಲ್ಲಲಾರದು.